ಹೆದರಿಸಲಾರದೆ ಹೋದ ಸೈತಾನ

1973ರ ಡಿಸೆಂಬರ್ 26ರಂದು ಅಮೆರಿಕದಲ್ಲಿ ತೆರೆಕಂಡ 'ದಿ ಎಕ್ಸಾರ್ಸಿಸ್ಟ್' ಚಿತ್ರ ಬಾಂಗಿನ ಕರೆಯೊಂದಿಗೆ ಆರಂಭವಾಗುತ್ತದೆ. ಪರದೆಯ ಮೇಲೆ ಉತ್ತರ ಇರಾಕಿನ ಸುಡುಬಿಸಿಲು, ಧೂಳು, ಪುರಾತತ್ತ್ವದವರು ಅಗೆದ ಗುಂಡಿಗಳು. ಮೆರಿನ್ ಎಂಬ ವೃದ್ಧ ಪಾದ್ರಿ ಮಣ್ಣಿನಡಿಯಿಂದ ಪುಟ್ಟ ವಿಗ್ರಹದ ತಲೆಯೊಂದನ್ನು ಹೊರತೆಗೆಯುತ್ತಾನೆ. ಅಲ್ಲಿಂದ ಕತೆ ವಾಷಿಂಗ್ಟನ್ ನಗರಕ್ಕೆ ಹೋಗುತ್ತದೆ. ಹನ್ನೆರಡು ವರ್ಷದ ಬಾಲಕಿಯ ಮೈಯನ್ನು ದುಷ್ಟಶಕ್ತಿ ಹೊಕ್ಕುತ್ತದೆ. ದಿನಕ್ಕೆ ಐದು ಬಾರಿ ನಮ್ಮ ಮನಸ್ಸಿಗೆ ಸಮಾಧಾನ ತರುವ ಕರೆ ಅಲ್ಲಿ ಬರಲಿರುವ ಅನಿಷ್ಟದ ಮುನ್ಸೂಚನೆಯಾಗಿ ಬಳಕೆಯಾಗಿದೆ. ಆ ಚಿತ್ರದ ಬಗ್ಗೆ ನಮ್ಮ ತಕರಾರು ಇಲ್ಲಿಂದಲೇ ಶುರುವಾಗುತ್ತದೆ.

ಆದರೂ ಅದು ಜನರನ್ನು ನಿಜಕ್ಕೂ ಹೆದರಿಸಿತು ಎಂಬುದನ್ನು ಒಪ್ಪಲೇಬೇಕು. ಚಿತ್ರಮಂದಿರಗಳ ಮುಂದೆ ಕೊರೆಯುವ ಚಳಿಯಲ್ಲಿ ಸಾಲುಗಳು ಬೆಳೆದವು. ಒಳಗೆ ಹೋದವರಲ್ಲಿ ಕೆಲವರು ಮೂರ್ಛೆ ಹೋದರು, ಕೆಲವರು ಅರ್ಧದಲ್ಲೇ ಎದ್ದು ಬಂದರು. ವಿಲಿಯಂ ಪೀಟರ್ ಬ್ಲ್ಯಾಟಿಯ ಕಾದಂಬರಿಯನ್ನು ಆಧರಿಸಿ ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ ಈ ಚಿತ್ರ 10 ಆಸ್ಕರ್ ನಾಮಕರಣಗಳನ್ನು ಪಡೆದು 2 ಪ್ರಶಸ್ತಿಗಳನ್ನು ಗೆದ್ದಿತು. 1977ರಲ್ಲಿ ಬಂದ ಎರಡನೆಯ ಭಾಗ ಇದಕ್ಕೆ ತದ್ವಿರುದ್ಧ. ಹೆದರಬೇಕಾದಲ್ಲಿ ಪ್ರೇಕ್ಷಕರು ನಕ್ಕುಬಿಟ್ಟರು. ನಿರ್ದೇಶಕ ಜಾನ್ ಬೂರ್ಮನ್ ಬಿಡುಗಡೆಯ ನಂತರ ಚಿತ್ರಕ್ಕೆ ಮತ್ತೆ ಕತ್ತರಿ ಹಾಕಬೇಕಾಯಿತು.

ಆ ಪಾಠ ಯಾರಿಗೂ ನೆನಪಿನಲ್ಲಿ ಉಳಿಯಲಿಲ್ಲವೇನೋ. 2004ರಲ್ಲಿ 'ಎಕ್ಸಾರ್ಸಿಸ್ಟ್: ದಿ ಬಿಗಿನಿಂಗ್' ಬಂದಿತು. ಇದು ಪೂರ್ವಕಥೆ, ಸಿನಿಮಾದವರ ಮಾತಿನಲ್ಲಿ ಪ್ರೀಕ್ವೆಲ್. ಮೆರಿನ್ ಪಾದ್ರಿ ಯುವಕನಾಗಿದ್ದಾಗ ಸೈತಾನನನ್ನು ಮೊದಲು ಎದುರಿಸಿದ್ದು ಹೇಗೆ ಎಂಬುದೇ ಕತೆ. ಈ ಕತೆಯನ್ನು ಒಂದಲ್ಲ, ಎರಡು ಬಾರಿ ಚಿತ್ರಿಸಲಾಯಿತು ಎಂಬುದು ಹಾಲಿವುಡ್ ಇತಿಹಾಸದ ಒಂದು ವಿಚಿತ್ರ ಅಧ್ಯಾಯ.

ಒಂದು ಕತೆ, ಎರಡು ಚಿತ್ರ

ಮೊದಲು ನಿರ್ದೇಶಿಸಬೇಕಿದ್ದವರು ಜಾನ್ ಫ್ರಾಂಕನ್‌ಹೈಮರ್. ಅನಾರೋಗ್ಯದಿಂದ ಅವರು ಹಿಂದೆ ಸರಿದರು, 2002ರ ಜುಲೈಯಲ್ಲಿ ತೀರಿಕೊಂಡರು. ಹೊಣೆ 'ಟ್ಯಾಕ್ಸಿ ಡ್ರೈವರ್' ಚಿತ್ರಕಥೆಯ ಲೇಖಕ ಪಾಲ್ ಶ್ರೇಡರ್ ಅವರ ಹೆಗಲಿಗೆ ಬಿತ್ತು. ಅವರ ಚಿತ್ರ ಎರಡನೆಯ ಮಹಾಯುದ್ಧದ ಹಾಲೆಂಡಿನಲ್ಲಿ ತೆರೆದುಕೊಳ್ಳುತ್ತದೆ. ನಾಝಿ ಅಧಿಕಾರಿಯೊಬ್ಬ ಊರಿನವರನ್ನು ಸಾಲಾಗಿ ನಿಲ್ಲಿಸಿ, ಯಾರನ್ನು ಕೊಲ್ಲಬೇಕೆಂದು ಆರಿಸುವಂತೆ ಮೆರಿನ್‌ನನ್ನು ಬಲವಂತಪಡಿಸುತ್ತಾನೆ. ಆ ದಿನ ಪಾದ್ರಿಯ ವಿಶ್ವಾಸ ಮುರಿದುಬೀಳುತ್ತದೆ. ಯುದ್ಧದ ನಂತರ ಬ್ರಿಟಿಷರ ಆಳ್ವಿಕೆಯ ಕೀನ್ಯಾದಲ್ಲಿ, ಮರಳಿನಡಿ ಹೂತುಹೋದ ಚರ್ಚೊಂದನ್ನು ಅಗೆಯಲು ಅವನು ಹೋಗುತ್ತಾನೆ. ಅಲ್ಲಿ ವಸಾಹತು ಸೇನೆಗೂ ತುರ್ಕಾನಾ ಬುಡಕಟ್ಟಿನ ಜನರಿಗೂ ನಡುವೆ ಹಗೆ ಹೊತ್ತಿಕೊಳ್ಳುತ್ತದೆ.

ನಿರ್ಮಾಪಕರಿಗೆ ಇದು ಹಿಡಿಸಲಿಲ್ಲ. ರಕ್ತ ಸಾಲದು, ಬೆಚ್ಚಿಬೀಳಿಸುವ ದೃಶ್ಯಗಳು ಸಾಲವು ಎಂಬುದು ಅವರ ಅಸಮಾಧಾನವಾಗಿತ್ತೆಂದು ಆಗ ವರದಿಯಾಯಿತು. ಮುಗಿಯುತ್ತ ಬಂದಿದ್ದ ಚಿತ್ರವನ್ನು ಮೂಲೆಗೆ ತಳ್ಳಿ, 'ಡೈ ಹಾರ್ಡ್ 2' ಖ್ಯಾತಿಯ ರೆನಿ ಹಾರ್ಲಿನ್ ಅವರನ್ನು ಕರೆಸಿದರು. ಮೆರಿನ್ ಪಾತ್ರದ ಸ್ಟೆಲನ್ ಸ್ಕಾರ್ಸ್‌ಗಾರ್ಡ್ ಮತ್ತು ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ ಉಳಿದರು. ಉಳಿದದ್ದು ಹೆಚ್ಚುಕಡಿಮೆ ಹೊಸದಾಗಿ ಚಿತ್ರಣಗೊಂಡಿತು. ಎರಡೂ ಸೇರಿ ವೆಚ್ಚ 8 ಕೋಟಿ ಡಾಲರ್ ಮುಟ್ಟಿತು.

2004ರ ಆಗಸ್ಟ್ 20ರಂದು ಹಾರ್ಲಿನ್ ಚಿತ್ರ ಬಿಡುಗಡೆಯಾಯಿತು. ಮೊದಲ ವಾರಾಂತ್ಯದಲ್ಲಿ ಅಮೆರಿಕದಲ್ಲಿ ಸುಮಾರು 1.8 ಕೋಟಿ ಡಾಲರ್ ಗಳಿಸಿ ಮೊದಲ ಸ್ಥಾನದಲ್ಲಿ ನಿಂತಿತು. ಹಳೆಯ ಹೆಸರಿಗೆ ಅಷ್ಟು ಬೆಲೆಯಿತ್ತು. ಆದರೆ ಒಮ್ಮೆ ನೋಡಿ ಬಂದವರು ಇನ್ನೊಬ್ಬರಿಗೆ ಶಿಫಾರಸು ಮಾಡುವಂಥದ್ದೇನೂ ಅದರಲ್ಲಿರಲಿಲ್ಲ. ಜಗತ್ತಿನಾದ್ಯಂತ ಒಟ್ಟು ಗಳಿಕೆ 8 ಕೋಟಿಯ ಒಳಗೇ ನಿಂತಿತು. ಚಿತ್ರಮಂದಿರಗಳ ಪಾಲು ಕಳೆದರೆ ಅದು ನಷ್ಟವೇ. ವಿಮರ್ಶಕರಲ್ಲಿ ಹತ್ತರಲ್ಲಿ ಒಬ್ಬರು ಮೆಚ್ಚಿದ್ದರೆ ಹೆಚ್ಚು. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಕತ್ತೆಕಿರುಬಗಳು ಗೇಲಿಗೆ ಗುರಿಯಾದವು. ಮೂಲ ಕಾದಂಬರಿಕಾರ ಬ್ಲ್ಯಾಟಿಯವರೇ ಈ ಚಿತ್ರ ನೋಡಿದ್ದು ತಮ್ಮ ವೃತ್ತಿಜೀವನದ ಅತ್ಯಂತ ಅವಮಾನಕರ ಅನುಭವ ಎಂದುಬಿಟ್ಟರು.

ಆಗ ನಿರ್ಮಾಪಕರಿಗೆ ಮೂಲೆಯಲ್ಲಿದ್ದ ಚಿತ್ರ ನೆನಪಾಯಿತು. ಅಲ್ಪ ಹಣದಲ್ಲಿ ಅದನ್ನು ಪೂರ್ಣಗೊಳಿಸಿ, 2005ರ ಮೇ ತಿಂಗಳಲ್ಲಿ 'ಡೊಮಿನಿಯನ್' ಎಂಬ ಹೆಸರಿನಲ್ಲಿ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಚಿತ್ರಮಂದಿರಗಳಲ್ಲಿ ತೆರೆಗೆ ತಂದರು. ಅದನ್ನು ನೋಡಿದವರೇ ಕಡಿಮೆ. ನಿಧಾನ ಎಂದರು, ತಾಂತ್ರಿಕವಾಗಿ ಕಳಪೆ ಎಂದರು. ಆದರೂ ರೋಜರ್ ಎಬರ್ಟ್‌ರಂಥ ಹಿರಿಯ ವಿಮರ್ಶಕರು ಅದನ್ನು ಗೌರವದಿಂದ ಕಂಡರು. ಬ್ಲ್ಯಾಟಿ ಮೆಚ್ಚಿದರು.

ಕೆಡುಕು ಯಾರ ಕೈಯದು?

ಎರಡೂ ಚಿತ್ರಗಳನ್ನು ನೋಡಿದರೆ ನಮಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಶ್ರೇಡರ್ ಕೈಯಲ್ಲಿ ನಾಝಿಯ ಕ್ರೌರ್ಯ ಮತ್ತು ವಸಾಹತು ಸೇನೆಯ ಕ್ರೌರ್ಯ ಒಂದಕ್ಕೊಂದು ಕನ್ನಡಿ ಹಿಡಿಯುತ್ತವೆ. ಸೈತಾನ ಅವೆರಡರ ನಡುವೆ ನಿಂತು ನಗುತ್ತಾನೆ. ಹಾರ್ಲಿನ್ ಕೈಯಲ್ಲಿ ಇದೇ ಇತಿಹಾಸ ಹಿನ್ನೆಲೆಯ ಪರದೆಯಾಗಿಬಿಡುತ್ತದೆ. ಮುಂದೆ ಹುಳು, ನೊಣ, ನೆತ್ತರು, ಕಿವಿಗಡಚಿಕ್ಕುವ ಸದ್ದು. ನಮ್ಮ ನಂಬಿಕೆಯಂತೆ ಸೈತಾನ ಪಿಸುಗುಟ್ಟಬಲ್ಲ, ಕರೆಯಬಲ್ಲ, ಆದರೆ ಬಲವಂತ ಮಾಡಲಾರ. ಕೃತ್ಯಕ್ಕೆ ಹೊಣೆ ಮನುಷ್ಯನೇ. ಆ ಹೊಣೆಯನ್ನು ಕತೆಯಿಂದ ತೆಗೆದುಹಾಕಿದಾಗ ಉಳಿಯುವುದು ಜಾತ್ರೆಯ ಭೂತದ ಡೇರೆ ಮಾತ್ರ. ಪ್ರೇಕ್ಷಕ ಒಳಹೋಗುತ್ತಾನೆ, ಬೆಚ್ಚುತ್ತಾನೆ, ಹೊರಬಂದು ಮರೆಯುತ್ತಾನೆ.

ಇತಿಹಾಸವನ್ನು ಹೀಗೆ ಬದಿಗೆ ಸರಿಸಿದ್ದು ಈ ಚಿತ್ರದೊಂದಿಗೆ ಶುರುವಾದದ್ದಲ್ಲ. ಮೂಲ ಕತೆಯ ದುಷ್ಟಶಕ್ತಿ ಪಝುಝುವನ್ನೇ ನೋಡಿ. ಪ್ರಾಚೀನ ಮೆಸೊಪೊಟೇಮಿಯದ ಜನ ಅವನನ್ನು ಗಾಳಿಯ ದುಷ್ಟಶಕ್ತಿಗಳ ಒಡೆಯನೆಂದು ನಂಬಿದ್ದರು. ಅಷ್ಟೇ ಅಲ್ಲ, ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ಕಾಡುವ ಲಮಶ್ತು ಎಂಬ ಪೀಡೆಯನ್ನು ಓಡಿಸಲು ಅವನ ತಲೆಯ ತಾಯತವನ್ನೇ ಬಳಸುತ್ತಿದ್ದರು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಸುಮಾರು 15 ಸೆಂಟಿಮೀಟರ್ ಎತ್ತರದ ಕಂಚಿನ ಪಝುಝುವಿನ ತಲೆಯ ಮೇಲೆ ತೂಗುಹಾಕಲು ಬಳೆಯೊಂದಿದೆ. ತಾಯತಗಳ ಬಗ್ಗೆ ನಮ್ಮ ನಿಲುವು ಬೇರೆ, ಅದು ಬೇರೆ ಮಾತು. ಆದರೆ ಇರಾಕಿನ ತಾಯಂದಿರು ಮಕ್ಕಳ ರಕ್ಷಣೆಗೆಂದು ನೆಚ್ಚಿಕೊಂಡ ಆಕೃತಿಯೇ ಅಮೆರಿಕದ ಮಗುವನ್ನು ಹಿಂಸಿಸುವ ಸೈತಾನನಾದದ್ದನ್ನು ಚರಿತ್ರೆ ಗಮನಿಸಬೇಕು.

ಪೂರ್ವಕಥೆ ತೆರೆಕಂಡ 2004ರ ಆಗಸ್ಟ್‌ನಲ್ಲಿ ಅದೇ ಇರಾಕಿನಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟಿತ್ತು. ನಾಲ್ಕು ತಿಂಗಳ ಹಿಂದೆಯಷ್ಟೇ ಅಬು ಗರೈಬ್ ಜೈಲಿನ ಚಿತ್ರಗಳನ್ನು ಜಗತ್ತು ನೋಡಿತ್ತು. ಚಿತ್ರ ಸೋತದ್ದು ಅದೇ ಕಾರಣಕ್ಕೆ ಎಂದು ನಾವು ಹೇಳುವುದಿಲ್ಲ. ಆದರೆ ಆ ಚಿತ್ರಗಳನ್ನು ಕಂಡವರಿಗೆ ಕೆಡುಕಿನ ಮೂಲ ತೋರಿಸಲು ಕಂಪ್ಯೂಟರಿನ ಕತ್ತೆಕಿರುಬ ಸಾಕಾಗದು. ಕೀನ್ಯಾದ ಕತೆಯೂ ಅಷ್ಟೆ. 1950ರ ದಶಕದ ಮೌ ಮೌ ದಂಗೆಯ ಕಾಲದಲ್ಲಿ ಬಂಧನ ಶಿಬಿರಗಳಲ್ಲಿ ನಡೆದ ಚಿತ್ರಹಿಂಸೆಗೆ ಬ್ರಿಟಿಷ್ ಸರ್ಕಾರ ವಿಷಾದ ವ್ಯಕ್ತಪಡಿಸಿ 5,000ಕ್ಕೂ ಹೆಚ್ಚು ಜನರಿಗೆ ಪರಿಹಾರ ಒಪ್ಪಿದ್ದು 2013ರಲ್ಲಿ.

ಮೆರಿನ್ ಪಾದ್ರಿ ಪಝುಝುವಿನ ಮೂರ್ತಿಗೆ ಮುಖಾಮುಖಿಯಾಗುವ ದೃಶ್ಯವನ್ನು ಫ್ರೀಡ್ಕಿನ್ ಚಿತ್ರೀಕರಿಸಿದ್ದು ಮೊಸುಲ್ ಬಳಿಯ ಹತ್ರಾ ಎಂಬ ಪುರಾತನ ನಗರದ ಅವಶೇಷಗಳಲ್ಲಿ. 2015ರಲ್ಲಿ ಐಸಿಸ್ ಉಗ್ರರು ಧರ್ಮದ ಹೆಸರು ಹೇಳಿಕೊಂಡೇ ಅಲ್ಲಿನ ಶಿಲ್ಪಗಳನ್ನು ಸುತ್ತಿಗೆಯಿಂದ ಒಡೆದರು. ಅವರ ಕೈಯನ್ನೂ ಯಾವ ಪಝುಝುವೂ ಹಿಡಿದು ನಡೆಸಲಿಲ್ಲ. ಪರರ ಕೆಡುಕನ್ನು ಎಣಿಸುವಾಗ ಇದನ್ನು ನಾವು ಮರೆಯುವಂತಿಲ್ಲ.