ರಕ್ಕಸ ಪಾತ್ರಗಳ ಸಮತೋಲನ

ಮೇಜಿನ ಸುತ್ತ ಕುಳಿತು ಆಡುವ ಕಲ್ಪನಾಲೋಕದ ಪಾತ್ರಾಭಿನಯ ಆಟಗಳಲ್ಲಿ ದೈತ್ಯ, ರಕ್ಕಸ, ಮೃಗಮಾನವ ಮೊದಲಾದ ಅತಿಬಲದ ಪಾತ್ರಗಳನ್ನು ಸಾಮಾನ್ಯ ಪಾತ್ರಗಳೊಂದಿಗೆ ಹೊಂದುವಂತೆ ತೂಗುವ ಕ್ರಮ. ಈ ಆಟಗಳಲ್ಲಿ ಒಬ್ಬರು ಕಥೆ ನಡೆಸುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ, ಆಡುವವರ ಬಾಯಲ್ಲಿ ಅದು ಡಿಎಂ. ಉಳಿದವರು ತಲಾ ಒಂದು ಪಾತ್ರ ವಹಿಸಿ, ಅದು ಏನು ಮಾಡುತ್ತದೆ ಎಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ರಕ್ಕಸ ಇಲ್ಲಿ ಎರಡು ರೀತಿಯಲ್ಲಿ ಬರುತ್ತಾನೆ: ಡಿಎಂ ಆಡಿಸುವ ಎದುರಾಳಿಯಾಗಿ, ಇಲ್ಲವೇ ಆಟಗಾರನೊಬ್ಬ ತಾನೇ ಆರಿಸಿಕೊಂಡ ಪಾತ್ರವಾಗಿ. ತೂಗುವುದು ಹೆಚ್ಚು ಕಷ್ಟವಾಗುವುದು ಎರಡನೆಯ ಸಂದರ್ಭದಲ್ಲಿ.

ಸಮತೋಲನವೆಂದರೆ ಎಲ್ಲರ ಬಲವನ್ನೂ ಒಂದೇ ಮಟ್ಟಕ್ಕೆ ತರುವುದಲ್ಲ. ಮೇಜಿನ ಸುತ್ತ ಕುಳಿತ ಪ್ರತಿಯೊಬ್ಬರ ಪಾತ್ರಕ್ಕೂ ಮಾಡಲು ಕೆಲಸವಿರಬೇಕು, ಅದು ಕಥೆಯ ದಿಕ್ಕನ್ನು ಬದಲಿಸುವಂತಿರಬೇಕು. ಅದಕ್ಕಾಗಿ ರಕ್ಕಸನ ಬಲವನ್ನು ಕತ್ತರಿಸಲೇಬೇಕಿಲ್ಲ. ಆ ಬಲ ಎಲ್ಲಿ, ಯಾವಾಗ, ಯಾರ ನೆರವಿನಿಂದ ನಡೆಯುತ್ತದೆ ಎಂಬುದನ್ನು ಗೊತ್ತುಮಾಡಿದರೆ ಸಾಕು. ಪಾತ್ರಾಭಿನಯ ಆಟಗಳು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕನ್ನಡ ನಾಡಿನ ಜಗಲಿಯಾಟವೂ ಬಯಲಾಟವೂ ಈ ಮರ್ಮವನ್ನು ಅರಿತಿದ್ದವು.

ಆಡು-ಹುಲಿ ಆಟದ ಲೆಕ್ಕ

ಬಲಿಷ್ಠರನ್ನೂ ದುರ್ಬಲರನ್ನೂ ಒಂದೇ ಮನೆಯಲ್ಲಿ ಕೂಡಿಸಿ ಆಡಿಸುವ ಆಟಕ್ಕೆ ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ ಆಡು-ಹುಲಿ ಆಟ. ಕೆಲವೆಡೆ ಇದು ಹುಲಿ-ಕುರಿ ಆಟ. ದೇವಸ್ಥಾನದ ಕಲ್ಲುಹಾಸು, ಅರಳಿಕಟ್ಟೆ, ಮನೆಯ ಜಗಲಿ ಇದರ ಜಾಗ. ಹಂಪಿಯ ಕಲ್ಲುಹಾಸುಗಳ ಮೇಲೂ ಆಟದ ಮನೆಗಳ ಗೆರೆಗಳು ಉಳಿದಿವೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹುಣಸೆ ಬೀಜವನ್ನು ಆಡಾಗಿಯೂ ಕಲ್ಲನ್ನು ಹುಲಿಯಾಗಿಯೂ ಇಟ್ಟರೆ ಆಟಕ್ಕೆ ಬೇರೇನೂ ಬೇಡ.

ಹೆಚ್ಚು ಬಳಕೆಯಲ್ಲಿರುವ ಮನೆ ತ್ರಿಕೋನಾಕಾರದ್ದು. ತುದಿಯಲ್ಲಿ ಒಂದು ಬಿಂದು, ಅಲ್ಲಿಂದ ಇಳಿಯುವ ನಾಲ್ಕು ಗೆರೆ, ಅವನ್ನು ಅಡ್ಡ ಹಾಯುವ ಮೂರು ಗೆರೆಗಳಲ್ಲಿ ಆರಾರು ಬಿಂದು, ಬುಡದಲ್ಲಿ ನಾಲ್ಕು: ಒಟ್ಟು 23. ಹುಲಿಗಳು 3, ಆಡುಗಳು 15. ಪಕ್ಕದ ಆಡನ್ನು ಹುಲಿ ನೇರ ಗೆರೆಯಲ್ಲಿ ಹಾರಿ ಅದರಾಚೆಯ ಖಾಲಿ ಬಿಂದುವಿನಲ್ಲಿ ಇಳಿದರೆ ಆಡು ಹೋಯಿತು. ಆಡಿಗೆ ಹಾರುವ ಬಲವಿಲ್ಲ. ಎಲ್ಲ ಆಡುಗಳೂ ಮನೆಗೆ ಬರುವವರೆಗೆ ಇಟ್ಟ ಆಡು ಕದಲುವಂತೆಯೂ ಇಲ್ಲ. ಹುಲಿಗಳು ಯಾವ ಕಡೆಗೂ ಹೆಜ್ಜೆ ಇಡಲಾಗದಂತೆ ಕಟ್ಟಿಹಾಕಿದರೆ ಆಡುಗಳು ಗೆದ್ದಂತೆ. ಹುಲಿ ಗೆಲ್ಲಲು ಎಷ್ಟು ಆಡು ತಿನ್ನಬೇಕು ಎಂಬುದು ಊರಿಂದೂರಿಗೆ ಬೇರೆ.

ಒಂದೊಂದು ಕಾಯಿಯನ್ನೇ ನೋಡಿದರೆ ಇಲ್ಲಿ ನ್ಯಾಯವೇ ಇಲ್ಲ. ಆದರೂ ಆಟ ಸಮತೂಕದಲ್ಲಿ ನಿಲ್ಲುವುದು ಮೂರು ಕಾರಣಕ್ಕೆ. ಮೊದಲನೆಯದು ಸರದಿ: ಮೂರು ಹುಲಿಗಳಿದ್ದರೂ ಸರದಿಗೆ ಒಂದೇ ಹುಲಿ ನಡೆಯಬೇಕು. ಎರಡನೆಯದು ಜಾಗ: ಒಂದೂ ಸಾಯದೆ ಎಲ್ಲ ಆಡುಗಳೂ ಮನೆ ಸೇರಿದರೆ 23ರಲ್ಲಿ 18 ಬಿಂದು ತುಂಬಿ, ಖಾಲಿ ಉಳಿಯುವುದು 5 ಮಾತ್ರ. ಹುಲಿಯ ಬಲವೆಲ್ಲ ಆ ಖಾಲಿ ಬಿಂದುಗಳಲ್ಲಿದೆ, ಪ್ರತಿ ಆಡು ಸತ್ತಾಗಲೂ ಅದಕ್ಕೊಂದು ಬಿಂದು ಹೆಚ್ಚುವರಿ ಸಿಗುತ್ತದೆ. ಮೂರನೆಯದು ಆಸರೆ: ಬೆನ್ನಿಗೆ ಇನ್ನೊಂದು ಆಡು ನಿಂತ ಆಡನ್ನು ಆ ಗೆರೆಯಲ್ಲಿ ಹಾರಲಾಗದು, ಗೆರೆಯ ಕೊನೆಯಲ್ಲಿ ಕೂತ ಆಡನ್ನೂ ಹಾರಲಾಗದು. ನೇಪಾಳದ ಬಾಘ್ ಚಾಲ್ ಇದೇ ಕುಟುಂಬದ ಆಟ. ಅಲ್ಲಿ 25 ಬಿಂದು, 4 ಹುಲಿ, 20 ಆಡು. ಹುಲಿ ಒಂದು ಹೆಚ್ಚಾದರೂ ಆಡುಗಳು ಐದು ಹೆಚ್ಚಿರುವುದರಿಂದ ತಕ್ಕಡಿ ಮತ್ತೆ ಸಮನಾಗುತ್ತದೆ. ಹುಲಿಯ ಹಲ್ಲು ಕೀಳದೆಯೇ ಅದನ್ನು ತೂಗಬಹುದು ಎಂಬುದು ಈ ಆಟ ಕಲಿಸುವ ಪಾಠ.

ಇತಿಹಾಸ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆಟಗಾರ ಬಯಸಿದರೆ ಡ್ರ್ಯಾಗನ್ ಕೂಡ ಆಗಬಹುದು, ಆದರೆ ಎಳೆಯದಾಗಿ, ದುರ್ಬಲವಾಗಿ ಆರಂಭಿಸಿ ಹಂತಹಂತವಾಗಿ ಬೆಳೆಯಬೇಕು ಎಂಬುದು ಅದರ ನಿಲುವಾಗಿತ್ತು. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ರಕ್ಕಸ ಪಾತ್ರಗಳಿಗೆ ಉತ್ತೇಜನ ಕೊಡಬಾರದೆಂದು ವಾದಿಸಿದರು. ಬರಿಯ ಬಲಕ್ಕಾಗಿ ರಕ್ಕಸನಾಗಬಯಸುವವರು ಹೆಚ್ಚು ಎಂಬುದು ಅವರ ಆತಂಕ.

ಬೇರೆ ದಾರಿ ಹಿಡಿದವರೂ ಇದ್ದರು. ಕೆನ್ ಸೇಂಟ್ ಆಂಡ್ರೆ ರೂಪಿಸಿದ ಮಾನ್‌ಸ್ಟರ್ಸ್! ಮಾನ್‌ಸ್ಟರ್ಸ್! (1976) ಆಟದಲ್ಲಿ ಎಲ್ಲರೂ ರಕ್ಕಸರೇ. ಹೀಗಾಗಿ ಒಬ್ಬನೇ ಹೆಚ್ಚಾಗುವ ಪ್ರಶ್ನೆ ಹಗುರವಾಯಿತು. 1978ರ ರೂನ್‌ಕ್ವೆಸ್ಟ್ ಮನುಷ್ಯನಿಗೂ ರಕ್ಕಸನಿಗೂ ಒಂದೇ ಬಗೆಯ ಗುಣಾಂಕಗಳನ್ನು ಕೊಟ್ಟಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೇ 1993ರಲ್ಲಿ ಮೃಗಮಾನವ ಪಾತ್ರಗಳಿಗೆಂದೇ ಒಂದು ಕೈಪಿಡಿ ಬಂತು. 2003ರಲ್ಲಿ ಬಂದ ಸ್ಯಾವೇಜ್ ಸ್ಪೀಷೀಸ್ ಪುಸ್ತಕವೂ ಆಟದ 3.5 ಆವೃತ್ತಿಯೂ ರಕ್ಕಸ ಪಾತ್ರದ ಬೆಲೆಯನ್ನು ಲೆವೆಲ್‌ಗಳಲ್ಲಿ, ಎಂದರೆ ಪಾತ್ರ ಬೆಳೆಯುತ್ತಾ ಏರುವ ಮೆಟ್ಟಿಲುಗಳಲ್ಲಿ, ಲೆಕ್ಕ ಹಾಕಿದವು. 2016ರ ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್ ಗಾಬ್ಲಿನ್, ಓರ್ಕ್, ಕೋಬೋಲ್ಡ್ ಮೊದಲಾದವನ್ನು ಮೊದಲ ಲೆವೆಲ್‌ನಿಂದಲೇ ಆಡುವಂತೆ ಇಳಿಸಿ ಬರೆಯಿತು. ಅದರಲ್ಲಿ ಕೋಬೋಲ್ಡ್‌ಗೆ ದೇಹಬಲವೂ ಓರ್ಕ್‌ಗೆ ಬುದ್ಧಿಯೂ ಎರಡೆರಡು ಅಂಕ ಕಡಿಮೆಯಾಗಿದ್ದವು. 2020ರಲ್ಲಿ ಆ ಕಡಿತಗಳನ್ನು ತೆಗೆದುಹಾಕಲಾಯಿತು.

ತೂಗುವ ವಿಧಾನಗಳು

ಲೆವೆಲ್‌ನ ಬೆಲೆ: ಗೂಳಿಯ ತಲೆ, ಮನುಷ್ಯನ ಮೈ ಇರುವ ಮಿನೊಟಾರ್ ಇದಕ್ಕೆ ಒಳ್ಳೆಯ ಉದಾಹರಣೆ. 3.5 ಆವೃತ್ತಿಯಲ್ಲಿ ಎದುರಾಳಿಯಾಗಿ ಅದರ ಚಾಲೆಂಜ್ ರೇಟಿಂಗ್ (ಎದುರಾಳಿ ಎಷ್ಟು ಕಠಿಣ ಎಂಬ ಅಂಕ) 4. ಅದೇ ಜೀವಿ ಆಟಗಾರನ ಪಾತ್ರವಾದರೆ 6 ಹಿಟ್ ಡೈಸ್ (ಜೀವಿಯ ಗಟ್ಟಿತನ ಅಳೆಯುವ ದಾಳಗಳು), 2 ಲೆವೆಲ್ ಹೊಂದಾಣಿಕೆ ಸೇರಿ 8ನೇ ಲೆವೆಲ್‌ಗೆ ಸಮ. ಒಂದೇ ಜೀವಿಗೆ ಎರಡು ಬೆಲೆ ಏಕೆ? ಎದುರಾಳಿ ಒಂದು ಕಾಳಗದ ಮಟ್ಟಿಗೆ ಬದುಕುತ್ತಾನೆ, ಪಾತ್ರ ಪ್ರತಿ ಕಾಳಗಕ್ಕೂ ಹೊಸದಾಗಿ ಎದ್ದು ಬರುತ್ತದೆ. ನೂರು ಸಲ ಬಳಸುವ ಬಲಕ್ಕೂ ಒಮ್ಮೆ ಬಳಸುವ ಬಲಕ್ಕೂ ಒಂದೇ ಬೆಲೆ ಸಲ್ಲದು. ಈ ವಿಧಾನದಲ್ಲಿ ದೊಡ್ಡ ಕೊರತೆಯೂ ಇದೆ. ಮಿನೊಟಾರ್ ಮಂತ್ರವಾದಿಯಾಗಬಯಸಿದರೆ, ಗೆಳೆಯರು 9ನೇ ಲೆವೆಲ್ ಮುಟ್ಟಿದಾಗ ಅದು ಇನ್ನೂ ಮಂತ್ರವಿದ್ಯೆಯ ಮೊದಲ ಲೆವೆಲ್‌ನಲ್ಲಿರುತ್ತದೆ. ಲೆಕ್ಕ ಸರಿಹೋಯಿತು, ಆಟಗಾರನ ಖುಷಿ ಹೋಯಿತು.

ಹಂತಹಂತದ ಬೆಳವಣಿಗೆ: ಸ್ಯಾವೇಜ್ ಸ್ಪೀಷೀಸ್ ರಕ್ಕಸತನವನ್ನೇ ಲೆವೆಲ್‌ಗಳಾಗಿ ಹಂಚಿತು. ಕೊಂಬು ಮೊದಲು, ದೈತ್ಯ ಗಾತ್ರ ಆಮೇಲೆ ಎಂಬಂತೆ ಪಾತ್ರ ತನ್ನ ಮೈಯನ್ನು ತಾನೇ ಗಳಿಸಿಕೊಳ್ಳುತ್ತದೆ. 1974ರ ಎಳೆಯ ಡ್ರ್ಯಾಗನ್ನಿನ ಯೋಚನೆ ಇಲ್ಲಿ ಪೂರ್ಣ ರೂಪ ಪಡೆಯಿತು.

ಇಳಿಸಿ ಬರೆಯುವುದು: ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ ಎದುರಾಳಿ ಮಿನೊಟಾರ್‌ಗೆ 76 ಹಿಟ್ ಪಾಯಿಂಟ್ (ಏಟು ತಾಳುವ ಅಂಕ) ಇತ್ತು, ಅದರ ಕೊಡಲಿಯೇಟಿನ ಸರಾಸರಿ 17 ಆಗಿತ್ತು. ಮೊದಲ ಲೆವೆಲ್‌ನ ಗಟ್ಟಿ ಯೋಧನಿಗೆ 12ರ ಆಸುಪಾಸು ಹಿಟ್ ಪಾಯಿಂಟ್ ಇರುತ್ತದೆ, ಎಂದರೆ ಒಂದೇ ಏಟಿಗೆ ನೆಲ ಕಚ್ಚುತ್ತಾನೆ. ಆದ್ದರಿಂದ 2018ರಲ್ಲಿ ಆಟಗಾರರಿಗೆ ಕೊಟ್ಟ ಮಿನೊಟಾರ್‌ನ ಗಾತ್ರ ಮನುಷ್ಯನದೇ, ಕೊಂಬಿನ ಏಟಿಗೆ ಆರುಮುಖದ ಒಂದು ದಾಳ. ಈ ವಿಧಾನ ಸರಳ, ಬಹುಪಾಲು ಮೇಜುಗಳಿಗೆ ಸಾಕಾಗುತ್ತದೆ. ಆದರೆ ದೈತ್ಯನಾಗುವ ಆಸೆಯಿಂದ ಬಂದವನಿಗೆ ಕೊಂಬಿಟ್ಟ ಮನುಷ್ಯ ಸಿಕ್ಕಂತಾಗುತ್ತದೆ.

ಸರದಿಯ ಲೆಕ್ಕ: ಒಂದು ಸುತ್ತಿನಲ್ಲಿ ಒಂದು ಕಡೆಯವರಿಗೆ ಎಷ್ಟು ಸಲ ಏನಾದರೂ ಮಾಡುವ ಅವಕಾಶವಿದೆ ಎಂಬುದು ಏಟಿನ ಬಲದಷ್ಟೇ ಮುಖ್ಯ. 2014ರ ನಿಯಮಗಳಲ್ಲಿ ಎದುರಾಳಿಗಳು ಇಬ್ಬರಾದರೆ ಕಷ್ಟದ ಅಂಕವನ್ನು ಒಂದೂವರೆ ಪಟ್ಟು, ಮೂವರಿಂದ ಆರು ಮಂದಿಯಾದರೆ ಎರಡು ಪಟ್ಟು ಮಾಡಬೇಕಿತ್ತು. ಒಂಟಿ ಡ್ರ್ಯಾಗನ್‌ಗೆ ಇತರರ ಸರದಿಗಳ ನಡುವೆ ಮೂರು ಹೆಚ್ಚುವರಿ ಕ್ರಿಯೆ ಕೊಟ್ಟದ್ದೂ ಇದೇ ಕಾರಣಕ್ಕೆ. ಆಟಗಾರನ ರಕ್ಕಸನಿಗೆ ಏಟು ದೊಡ್ಡದಿರಲಿ, ಸರದಿ ಮಾತ್ರ ಎಲ್ಲರಂತೆ ಒಂದೇ ಇರಲಿ. ಸರದಿಗಳೂ ಹೆಚ್ಚಾದರೆ ಉಳಿದವರು ಕಾಯುತ್ತಾ ಕೂರಬೇಕಾಗುತ್ತದೆ.

ವರ ಮತ್ತು ಸಂದು: ನಮ್ಮ ಪುರಾಣಗಳ ಅಸುರರು ಬಲದ ಜೊತೆಗೇ ಒಂದು ಸಂದನ್ನೂ ಹೊತ್ತು ಬರುತ್ತಾರೆ. ಗಂಡಸರಿಂದ ಸಾವಿಲ್ಲವೆಂದು ವರ ಪಡೆದ ಮಹಿಷಾಸುರ ಹೆಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಕ್ತಬೀಜನ ಪ್ರತಿ ಹನಿ ನೆತ್ತರೂ ನೆಲಕ್ಕೆ ಬಿದ್ದು ಇನ್ನೊಬ್ಬ ಅಸುರನಾಗುತ್ತದೆ. ಹನಿ ನೆಲ ಮುಟ್ಟದಂತೆ ಕಾಳಿ ಕುಡಿದಾಗ ಅವನ ಕಥೆ ಮುಗಿಯುತ್ತದೆ. ಇಂಥ ಸಂದು ಹುಡುಕಲು ಯೋಚನೆ ಬೇಕು, ಬಲಹೀನನೂ ಯೋಚಿಸಬಲ್ಲ. ಆಟಗಾರನ ರಕ್ಕಸನಿಗೂ ಇಂಥ ಸಂದು ಒಂದಿದ್ದರೆ ಅವನನ್ನು ಕಾಪಾಡುವ ಕೆಲಸ ಗೆಳೆಯರಿಗೆ ಸಿಗುತ್ತದೆ.

ಬಣ್ಣದ ವೇಷದ ಪಾಠ

ಯಕ್ಷಗಾನದ ತೆಂಕುತಿಟ್ಟಿನಲ್ಲಿ ರಕ್ಕಸ ಪಾತ್ರಗಳಿಗೆ ಬಣ್ಣದ ವೇಷ ಎಂದು ಹೆಸರು. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಮುಖ ತಯಾರಾಗಲು ಗಂಟೆಗಟ್ಟಲೆ ಬೇಕು. ದೇವಿಮಹಾತ್ಮೆ ಪ್ರಸಂಗದಲ್ಲಿ ಕೊಂಬು ಹೊತ್ತ ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ, ಆರ್ಭಟಿಸುತ್ತಾ, ಪ್ರೇಕ್ಷಕರ ನಡುವಿನಿಂದಲೇ ರಂಗಕ್ಕೆ ನುಗ್ಗುತ್ತಾನೆ. ನಿದ್ದೆಗಣ್ಣಿನ ಮಕ್ಕಳು ಎದ್ದು ತಾಯಿಯ ಸೆರಗು ಹಿಡಿಯುವ ಹೊತ್ತು ಅದು. ಆದರೆ ರಾತ್ರಿಯಿಡೀ ರಂಗ ಅವನದಲ್ಲ. ಅವನ ವಧೆಯಾದ ಮೇಲೆ ಚಂಡಮುಂಡರು, ರಕ್ತಬೀಜ, ಶುಂಭ ನಿಶುಂಭರು ಸರದಿಯಲ್ಲಿ ಬರುತ್ತಾರೆ. ಬಲದ ಪಾತ್ರಕ್ಕೆ ಭರ್ಜರಿ ಪ್ರವೇಶ ಕೊಡಿ, ರಂಗದ ಹೊತ್ತನ್ನು ಮಾತ್ರ ಎಲ್ಲರಿಗೂ ಹಂಚಿ: ಹಾಡುತ್ತಾ ಆಟ ನಡೆಸುವ ಭಾಗವತರ ಈ ವಿವೇಕ ಡಿಎಂಗೂ ಬೇಕು.

ಒಂದು ಮಾದರಿ: ಕುಂಟೆಯ ಕೋಣ

ಬೆಂಗಳೂರು ದಕ್ಷಿಣದ ಕನಕಪುರ ರಸ್ತೆಯಲ್ಲಿರುವ ಕೋಣನಕುಂಟೆ ನಗರದೊಳಗೆ ಸೇರಿಹೋದ ಹಳ್ಳಿ. 2021ರ ಜನವರಿಯಿಂದ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ನಿಲ್ಲುತ್ತದೆ. ಊರಿನ ಹೆಸರಿನಲ್ಲಿ ಕೋಣವೂ ಇದೆ, ನೀರು ನಿಲ್ಲುವ ಕುಂಟೆಯೂ ಇದೆ. ಅಲ್ಲಿನ ಮನೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ಡಿಎಂ ಮತ್ತು ನಾಲ್ವರು ಆಟಗಾರರು ಕೂತಿದ್ದಾರೆ, ಅವರಲ್ಲೊಬ್ಬಳು ಕುಂಟೆ ಕಾಯುವ ಕೋಣತಲೆಯ ವೀರನಾಗಬಯಸುತ್ತಾಳೆ ಎಂದಿಟ್ಟುಕೊಳ್ಳೋಣ.

ಸುಲಭದ ದಾರಿಯೆಂದರೆ, ಕೋಣಕ್ಕೆ ಕಾಳಗದಲ್ಲಿ ದೊಡ್ಡ ಬಲ ಕೊಟ್ಟು, ಊರೊಳಗೆ ಜನ ಹೆದರಿ ಓಡುತ್ತಾರೆ ಎಂಬ ಕೊರತೆ ಸೇರಿಸುವುದು. ಇದು ಸರಿಯಾದ ತೂಕವಲ್ಲ. ಕಾಳಗದ ದಿನ ಉಳಿದ ಮೂವರು ಸುಮ್ಮನಿರಬೇಕಾಗುತ್ತದೆ, ಮಾತುಕತೆಯ ದಿನ ಅವಳೊಬ್ಬಳು ಸುಮ್ಮನಿರಬೇಕಾಗುತ್ತದೆ. ಒಂದು ಕಡೆಯ ಲಾಭಕ್ಕೆ ಇನ್ನೊಂದು ಕಡೆಯ ನಷ್ಟ ಸಮನಾಗುವುದಿಲ್ಲ. ಬಲ ಎಲ್ಲಿದೆಯೋ ಅದರ ಮಿತಿಯೂ ಅಲ್ಲೇ ಇರಬೇಕು.

ಆದ್ದರಿಂದ ಡಿಎಂ ಹೀಗೆ ಬರೆಯುತ್ತಾನೆ: ಮಾಮೂಲಿ ಕೊಂಬಿನ ಏಟಿಗೆ ಆರುಮುಖದ ಒಂದು ದಾಳ ಮತ್ತು 3. ನೇರ ಗೆರೆಯಲ್ಲಿ ಹತ್ತು ಹೆಜ್ಜೆ ಖಾಲಿಯಿದ್ದರೆ ಕೋಣ ನುಗ್ಗಬಹುದು; ಆಗ ಮೂರು ದಾಳ, ಏಟು ತಿಂದವನು ಬೀಳುತ್ತಾನೆ. ನುಗ್ಗಿದ ಮೇಲೆ ಮುಂದಿನ ಸರದಿಯವರೆಗೆ ಅದರ ಬೆನ್ನು ಬಯಲು, ಅಲ್ಲಿಗೆ ಬೀಳುವ ಏಟು ತಪ್ಪುವುದು ಕಷ್ಟ.

ಕಾಳಗ ಕಟ್ಟುತ್ತದೆ. ಗಾಬ್ಲಿನ್‌ಗಳ ನಾಯಕ ಏರಿಯ ಮೇಲೆ ನಿಂತಿದ್ದಾನೆ, ನಡುವೆ ಗೆಳೆಯನ ಪಾತ್ರ ಅಡ್ಡ. "ಲೋ, ಸ್ವಲ್ಪ ಜಾಗ ಬಿಡೋ, ನುಗ್ಗಬೇಕು" ಎನ್ನುತ್ತಾಳೆ ಅವಳು. ಅವನು ತನ್ನ ಸರದಿಯಲ್ಲಿ ಹೊಡೆಯುವುದನ್ನು ಬಿಟ್ಟು ಪಕ್ಕಕ್ಕೆ ಜರುಗುತ್ತಾನೆ. ಇಪ್ಪತ್ತುಮುಖದ ದಾಳದಲ್ಲಿ 14 ಬೀಳುತ್ತದೆ, 5 ಸೇರಿ 19. ಗಾಬ್ಲಿನ್‌ನ ರಕ್ಷಣೆ 15. ನಾಯಕ ಕುಂಟೆಗೆ ಬೀಳುತ್ತಾನೆ. ಕೂಡಲೇ ಇನ್ನಿಬ್ಬರು ಓಡಿಬಂದು ಕೋಣದ ಬೆನ್ನಿಗೆ ನಿಲ್ಲುತ್ತಾರೆ.

ಇಲ್ಲಿ ಹೊಡೆದದ್ದು ಕೋಣ, ಗೆದ್ದವರು ನಾಲ್ವರು. ಆಡು-ಹುಲಿಯ ಮನೆಯಲ್ಲಿ ಹುಲಿಯ ಬಲವಿದ್ದದ್ದು ಖಾಲಿ ಬಿಂದುವಿನಲ್ಲಿ, ಆಡಿನ ಬಲವಿದ್ದದ್ದು ಬೆನ್ನಿನ ಆಸರೆಯಲ್ಲಿ. ಅವೆರಡನ್ನೂ ಒಂದೇ ಪಕ್ಷಕ್ಕೆ ಕೊಟ್ಟಾಗ ಖಾಲಿ ಬಿಂದು ಮಾಡಿಕೊಡುವವನೂ ಬೇಕಾಗುತ್ತಾನೆ, ಬೆನ್ನು ಕಾಯುವವನೂ ಬೇಕಾಗುತ್ತಾನೆ.

ಪರೀಕ್ಷೆ

ಬರೆದ ನಿಯಮ ಸರಿಯೋ ಎಂಬುದು ಆಡಿದ ಮೇಲೆಯೇ ತಿಳಿಯುತ್ತದೆ. ಮೂರು ನಾಲ್ಕು ಸಲ ಆಡಿದ ಮೇಲೆ ಡಿಎಂ ಕೋಣದ ಏಟುಗಳನ್ನು ಎಣಿಸುವುದಕ್ಕಿಂತ ಉಳಿದವರನ್ನು ಗಮನಿಸುವುದು ಲೇಸು. ತನ್ನ ಸರದಿ ಬಂದಾಗ "ನಾನೇನೂ ಮಾಡಲ್ಲ, ಕೋಣನೇ ನೋಡ್ಕೊಳ್ಳುತ್ತೆ" ಎಂದು ಯಾರಾದರೂ ದಾಳ ಕೆಳಗಿಟ್ಟರೆ ತೂಕ ತಪ್ಪಿದೆ, ನಿಯಮವನ್ನು ಮತ್ತೆ ಬರೆಯಬೇಕು. ಕೋಣ ನುಗ್ಗುವ ಮೊದಲೇ ಎಲ್ಲರೂ ಮೇಜಿನ ಮೇಲೆ ಬಾಗಿ ಗೆರೆಯಲ್ಲಿ ಹೆಜ್ಜೆ ಎಣಿಸತೊಡಗಿದರೆ ತೂಕ ಸರಿಯಿದೆ.