ಶಿಶು ಹಾಲಿನ ಪುಡಿಯ ಘಟಕಾಂಶಗಳು ಮತ್ತು ಶಿಶುವಿನ ಜೀರ್ಣಕ್ರಿಯೆ

ಮೊದಲ 6 ತಿಂಗಳು ಶಿಶುವಿಗೆ ತಾಯಿಯ ಎದೆಹಾಲನ್ನು ಮಾತ್ರ ನೀಡತಕ್ಕದ್ದು. ವೈದ್ಯರ ಸಲಹೆಯ ಮೇರೆಗೆ ಹಾಲಿನ ಪುಡಿ ಅನಿವಾರ್ಯವಾದಲ್ಲಿ, ಅದರ ಘಟಕಾಂಶಗಳ ಪರಿಣಾಮವನ್ನು ಪೋಷಕರು ಅರಿತಿರುವುದು ಅಗತ್ಯ.

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80ರಷ್ಟು ಕೇಸೀನ್ ಇರುತ್ತದೆ. ಇದು ಜಠರದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿ ನಿಧಾನವಾಗಿ ಜೀರ್ಣವಾಗುತ್ತದೆ. ಎದೆಹಾಲಿನಲ್ಲಿ ಬೇಗನೆ ಜೀರ್ಣವಾಗುವ ಹಾಲೊಡಕಿನ ಪ್ರೋಟೀನೇ ಅಧಿಕ. ಆದ್ದರಿಂದ ಹಲವು ಪುಡಿಗಳಿಗೆ ಅದನ್ನು ಸೇರಿಸಲಾಗುತ್ತದೆ. ತಾಳೆ ಎಣ್ಣೆಯ ಕೊಬ್ಬಿನಂಶವು ಕರುಳಿನಲ್ಲಿ ಕ್ಯಾಲ್ಸಿಯಂನೊಂದಿಗೆ ಕೂಡಿ ಮಲವನ್ನು ಗಟ್ಟಿಗೊಳಿಸಬಹುದು. ಕಬ್ಬಿಣಾಂಶದಿಂದ ಮಲ ಹಸಿರಾಗುವುದುಂಟು, ಇದಕ್ಕೆ ಅಂಜಬೇಕಾಗಿಲ್ಲ.

ಮಲಬದ್ಧತೆ ಕಂಡುಬಂದಾಗ ಪುಡಿಯನ್ನು ಬದಲಾಯಿಸುವ ಮುನ್ನ ಅಳತೆಯನ್ನು ಪರಿಶೀಲಿಸತಕ್ಕದ್ದು. ಮಗು ಪುಷ್ಟಿಯಾಗಲೆಂದು ಒಂದು ಚಮಚ ಹೆಚ್ಚು ಹಾಕಿದಲ್ಲಿ ನೀರಿನಂಶ ಸಾಲದೆ ಮಲಬದ್ಧತೆ, ನಿರ್ಜಲೀಕರಣ ಉಂಟಾಗಬಹುದು. ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಿದಲ್ಲಿ ಮಗು ಹೊಟ್ಟೆ ತುಂಬ ಕುಡಿದೂ ಸೊರಗುತ್ತದೆ. ಡಬ್ಬಿಯಲ್ಲಿರುವ ಚಮಚವನ್ನೇ, ತಲೆಮಟ್ಟ ಮಾಡಿ, ಬಳಸತಕ್ಕದ್ದು.

ಮಲದಲ್ಲಿ ರಕ್ತ, ಪದೇ ಪದೇ ವಾಂತಿ ಅಥವಾ ಮೈಮೇಲೆ ದದ್ದು ಕಂಡುಬಂದಲ್ಲಿ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ತಡಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸುವುದು.