ಕುಲಾಂತರಿ ಬೆಳೆಗಳು: ಕರ್ನಾಟಕದಲ್ಲಿ

ಬೇರೊಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಿ ರೂಪಿಸಿದ ಬೆಳೆಗಳನ್ನು ಕುಲಾಂತರಿ ಎನ್ನುತ್ತಾರೆ. ರಾಜ್ಯದ ಹೊಲಗಳಲ್ಲಿ ಬೇರೂರಿರುವುದು ಬಿಟಿ ಹತ್ತಿ. ಮಣ್ಣಿನ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಬ್ಯಾಕ್ಟೀರಿಯದ ವಂಶವಾಹಿಯಿಂದ ಗಿಡವೇ ಒಂದು ಪ್ರೋಟೀನು ತಯಾರಿಸುತ್ತದೆ. ಅದನ್ನು ತಿಂದ ಕಾಯಿಕೊರಕ ಸಾಯುತ್ತದೆ.

1998ರ ನವೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಾಯೋಗಿಕ ಹತ್ತಿ ಬೆಳೆಗೆ ಬೆಂಕಿಯಿಟ್ಟಿತು. ಆದರೂ 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕಕ್ಕೆ ಹೊಡೆಯುವ ಔಷಧಿ ಕಡಿಮೆಯಾದದ್ದು ನಿಜ. ಮುಂದೆ ಗುಲಾಬಿ ಕಾಯಿಕೊರಕ ಆ ಪ್ರೋಟೀನಿಗೆ ನಿರೋಧಕ ಶಕ್ತಿ ಬೆಳೆಸಿಕೊಂಡಿತು; ಬಿಟಿ ಹತ್ತಿ ಹೈಬ್ರಿಡ್ ಆದ್ದರಿಂದ ಬೀಜವನ್ನಂತೂ ವರ್ಷವರ್ಷವೂ ಕೊಳ್ಳಲೇಬೇಕು.

ನೈತಿಕ ಪ್ರಶ್ನೆ ತೀಕ್ಷ್ಣವಾದದ್ದು ಬದನೆಯಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಹಿಕೋ ಕಂಪನಿಯ ಜೊತೆಗೂಡಿ ಉಡುಪಿ ಗುಳ್ಳ, ಮಾಂಜರಿ ಗೋಟ, ಕುಡಚಿ, ರಬಕವಿಯಂಥ ನಾಡತಳಿಗಳಿಗೆ ಬಿಟಿ ವಂಶವಾಹಿ ಸೇರಿಸಿತು. ಇವು ಹೈಬ್ರಿಡ್ ಅಲ್ಲ, ರೈತರು ಬೀಜ ಎತ್ತಿಟ್ಟುಕೊಳ್ಳಬಹುದಿತ್ತು. ವಿಶ್ವವಿದ್ಯಾಲಯದ ಪರವಾಗಿ ಇಷ್ಟು ಹೇಳಲೇಬೇಕು. ಆದರೆ ತಲೆಮಾರುಗಳಿಂದ ಊರವರು ಕಾಪಾಡಿದ ತಳಿಯನ್ನು ಬಳಸುವಾಗ ಯಾರ ಅನುಮತಿ ಕೇಳಬೇಕಿತ್ತು? 2002ರ ಜೀವವೈವಿಧ್ಯ ಕಾಯ್ದೆಯನ್ನು ಮೀರಲಾಗಿದೆ ಎಂದು ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ 2010ರಲ್ಲಿ ದೂರಿತು. ವಿಷಯ ನ್ಯಾಯಾಲಯ ಮುಟ್ಟಿತು. ಆರೋಪಕ್ಕೊಳಗಾದ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನಾಭಿಪ್ರಾಯ ಕೇಳಿದ್ದ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಹಾಕಿದ್ದರು. ಬಿಟಿ ಬದನೆಯನ್ನು ಬಾಂಗ್ಲಾದೇಶ 2014ರಿಂದ ಬೆಳೆಯುತ್ತಿದೆ. ಆಹಾರ ಸುರಕ್ಷತೆಯ ಗದ್ದಲದಲ್ಲಿ ತಳಿಯ ಒಡೆತನದ ಪ್ರಶ್ನೆ ಹಿಂದೆ ಸರಿದದ್ದು ಸರಿಯಲ್ಲ.

ಇನ್ನು ರಾಜ್ಯದ ತೆಂಗಿನ ಸೀಮೆಗೆ ಬಂದರೆ, ಬೋರನಕಣಿವೆ ಜಲಾಶಯದ ಆಸುಪಾಸು, ತಿಪಟೂರು, ತುರುವೇಕೆರೆಗಳ ತೋಟಗಳಲ್ಲಿ ಕುಲಾಂತರಿ ತೆಂಗಿಲ್ಲ. ಜಗತ್ತಿನ ಎಲ್ಲಿಯೂ ಅದು ಬೇಸಾಯಕ್ಕೆ ಬಂದಿಲ್ಲ. ಎತ್ತರದ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು, ಒಂದು ಪರೀಕ್ಷೆಗೇ ಅರ್ಧ ಆಯುಷ್ಯ ಹೋದೀತು. ಗರಿ ಕೆರೆದು ತಿನ್ನುವ ಕಪ್ಪುತಲೆ ಹುಳುವೂ ಪತಂಗದ ಮರಿಯೇ, ಬಿಟಿ ಪ್ರೋಟೀನಿಗೆ ಬಲಿಯಾಗಬಲ್ಲ ಗುಂಪಿನದು. ಅದಕ್ಕಿಲ್ಲಿ ಗೋನಿಯೋಜಸ್ ಎಂಬ ಪರೋಪಜೀವಿ ಕೀಟವನ್ನು ತೋಟಕ್ಕೆ ಬಿಡುತ್ತಾರೆ. ಹಾಗೆಂದು ಈ ಸೀಮೆ ಕುಲಾಂತರಿಯಿಂದ ಪೂರ್ತಿ ಹೊರಗೂ ಇಲ್ಲ: ದೇಶದ ಹತ್ತಿಯಲ್ಲಿ ಬಹುಪಾಲು ಬಿಟಿಯಾದ್ದರಿಂದ, ಕರೆಯುವ ಹಸುವಿಗೆ ಇಡುವ ಹತ್ತಿಕಾಳು ಹಿಂಡಿ ಬಹುಮಟ್ಟಿಗೆ ಆ ಬೀಜದ್ದೇ.